ಇಪ್ಪತ್ತೊಂದು ಕಿರಣ

ರೆಬ್ವಾರ್ ತೀರಿಕೊಂಡ ಸುದ್ದಿ ಬಂದಾಗ ಶಾಂತವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಅಮೆರಿಕದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಓಣಿಯಲ್ಲಿ ಇಪ್ಪತ್ತು ವರ್ಷ ಪಕ್ಕದ ಮನೆಯಲ್ಲಿದ್ದ ಮನುಷ್ಯ. ಹನ್ನೆರಡು ದಿನ ಕೊರೋನಾದ ಜತೆ ಗುದ್ದಾಡಿ, ಹೆಂಡತಿಯ ಮುಖವನ್ನೂ ನೋಡದೆ ಹೋಗಿಬಿಟ್ಟಿದ್ದ. ಫೋನಿನಲ್ಲಿ ಅವನ ಹೆಂಡತಿ ಗುಲಾಲಾ ಅಳಲಿಲ್ಲ.

"ನಾಳೆ ಮಧ್ಯಾಹ್ನ ಮಣ್ಣು ಮಾಡ್ತಾರೆ ಶಾಂತಾ. ಪೆಟ್ಟಿಗೆ ಮೇಲೆ ನಮ್ಮ ಬಾವುಟ ಇರಬೇಕು. ಕೊನೇ ಸಲ ಫೋನ್ ಮಾಡಿದಾಗ ಅದೊಂದನ್ನೇ ಕೇಳಿದ್ರು."

ಇಬ್ಬರ ಮಾತೂ ನಡೆಯುತ್ತಿದ್ದದ್ದು ಹರಕುಮುರುಕು ಇಂಗ್ಲಿಷಿನಲ್ಲಿ. ಇಷ್ಟು ವರ್ಷದ ಸುಖದುಃಖಕ್ಕೆಲ್ಲ ಅದೇ ಸಾಕಾಗಿತ್ತು.

ನಮ್ಮ ಬಾವುಟ ಎಂದರೆ ಕುರ್ದಿಸ್ತಾನದ್ದು. ಕೆಂಪು, ಬಿಳಿ, ಹಸಿರು ಪಟ್ಟಿ, ನಡುವೆ ಹಳದಿ ಸೂರ್ಯ. ಆ ದೇಶ ನಕಾಶೆಯಲ್ಲಿ ಎಲ್ಲಿದೆ ಎಂದು ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ತುರ್ಕಿ, ಇರಾನ್, ಇರಾಕ್, ಸಿರಿಯಾ ನಾಲ್ಕೂ ಸೇರಿ ಅದನ್ನು ಹಂಚಿಕೊಂಡು ಕೂತಿವೆ. ಅದಕ್ಕಾಗಿ ರೆಬ್ವಾರ್ ಇಪ್ಪತ್ತು ತುಂಬುವ ಮೊದಲೇ ಇರಾಕಿನ ಗುಡ್ಡಗಳಲ್ಲಿ ಬಂದೂಕು ಹಿಡಿದಿದ್ದ. ಎಪ್ಪತ್ತೈದರಲ್ಲಿ ಇರಾನೂ ಇರಾಕೂ ರಾಜಿಯಾದವು. ಕುರ್ದರ ಬೆನ್ನಿಗೆ ನಿಂತಿದ್ದ ಅಮೆರಿಕ ಕೈ ತೊಳೆದುಕೊಂಡಿತು. ರೆಬ್ವಾರ್ ಹಿಮ ತುಳಿಯುತ್ತ ಇರಾನಿನ ಗಡಿ ದಾಟಿದ, ಕೆಲವು ವರ್ಷಕ್ಕೆ ಮರಳಿ ಬಂದ. ಎಂಬತ್ತೆಂಟರಲ್ಲಿ ಇರಾಕಿನ ಸೈನ್ಯ ಅವನ ಊರನ್ನೇ ನೆಲಸಮ ಮಾಡಿತು. ಲಾರಿಗೆ ಹತ್ತಿಸಿದ ಇಬ್ಬರು ತಮ್ಮಂದಿರ ಸುಳಿವು ಆಮೇಲೆ ಸಿಗಲಿಲ್ಲ. ತೊಂಬತ್ತಾರರಲ್ಲಿ ಅದೇ ಅಮೆರಿಕ ಗಂಡ ಹೆಂಡತಿಯನ್ನು ವಿಮಾನದಲ್ಲಿ ತಂದು ಜಾರ್ಜಿಯಾದಲ್ಲಿ ಇಳಿಸಿತು. ಎಂಥ ಉಪಕಾರ ನೋಡಿ! ಮೂರು ವರ್ಷದ ಹಿಂದೆ ಇರಾಕಿನ ಕುರ್ದರು ಸ್ವಾತಂತ್ರ್ಯಕ್ಕೆ ಮತ ಹಾಕಿದಾಗ ರೆಬ್ವಾರ್ ಓಣಿಗೆಲ್ಲ ಸಿಹಿ ಹಂಚಿದ್ದ. ತಿಂಗಳೊಳಗೆ ಇರಾಕಿನ ಸೈನ್ಯ ನುಗ್ಗಿ ಆ ಆಸೆಯೂ ಮಣ್ಣುಪಾಲಾಯಿತು.

ಎಲ್ಲಿ ಆ ಬಾವುಟ ಕಂಡರೂ ಅವನು ಮೊದಲು ಸೂರ್ಯನ ಕಿರಣಗಳನ್ನು ಬೆರಳಿಟ್ಟು ಎಣಿಸುತ್ತಿದ್ದ. ಅವರ ಹೊಸ ವರ್ಷ ಮಾರ್ಚ್ ಇಪ್ಪತ್ತೊಂದಕ್ಕೆ, ಕಿರಣವೂ ಇಪ್ಪತ್ತೊಂದು. "ಒಂದು ಹೆಚ್ಚುಕಮ್ಮಿ ಆದರೂ ಅದು ನಮ್ಮದಲ್ಲ, ಬರೀ ಬಿಸಿಲು," ಎನ್ನುತ್ತಿದ್ದ. ಅವನ ಮನೆ ಮುಂದಿದ್ದ ಬಾವುಟ ಅಕ್ಟೋಬರಿನ ಬಿರುಗಾಳಿಗೆ ಚಿಂದಿಯಾಗಿತ್ತು. ಆನ್‌ಲೈನ್‌ನಲ್ಲಿ ತರಿಸಿದರೆ ನಾಲ್ಕು ದಿನ ಬೇಕು.

"ನಾನು ಹೊಲಿದು ಕೊಡ್ತೀನಿ," ಎಂದಳು ಶಾಂತವ್ವ.

ಬಟ್ಟೆಗೇನೂ ಬರವಿರಲಿಲ್ಲ. ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವ ಝೂಮ್‌ನಲ್ಲೇ ಮುಗಿದು, ತೋರಣಕ್ಕೆ ತಂದ ಕೆಂಪು ಹಳದಿ ಬಟ್ಟೆ ಹಾಗೇ ಬಿದ್ದಿತ್ತು. ಬಿಳಿಗೆ ಹಾಸಿಗೆಯ ಚಾದರ, ಹಸಿರಿಗೆ ಒಂದು ಹಳೇ ಸೀರೆ. ಗಂಡ ಗುರುಸಿದ್ದಪ್ಪ, ಸೇತುವೆ ಕಟ್ಟಿ ನಿವೃತ್ತನಾದ ಎಂಜಿನಿಯರು, ಕೋನಮಾಪಕ ಹಿಡಿದುಕೊಂಡು ಬಂದ.

"ಅಲ್ಲ ಶಾಂತಾ, ಮುನ್ನೂರ ಅರವತ್ತನ್ನ ಇಪ್ಪತ್ತೊಂದರಿಂದ ಭಾಗಿಸಿದ್ರ ಹದಿನೇಳು ಚಿಲ್ಲರೆ ಡಿಗ್ರಿ ಬರ್ತದ. ಮಾರ್ಕ್ ಮಾಡಿ ಕೊಡ್ಲೇನು?"

"ಅತ್ಲಾಗ ಸುಮ್ನ ಕೂಡ್ರಿ. ನಾ ಏನ್ ಬ್ರಿಜ್ ಕಟ್ಟಾಕತ್ತಿಲ್ಲ. ಸಣ್ಣಾಕಿ ಇದ್ದಾಗಿಂದ ಬಾವುಟ ಹೊಲಿದಾಕಿ ನಾ."

ಅದು ಸುಳ್ಳಲ್ಲ. ಬೈಲಹೊಂಗಲದ ಶಾಲೆಯಲ್ಲಿ ಅವಳಪ್ಪ ಹೆಡ್‌ಮಾಸ್ತರು. ಪ್ರತಿ ಆಗಸ್ಟಿಗೂ ಬಾವುಟದ ಕೆಲಸ ಇವಳದೇ. ಕಾಗದವನ್ನು ದುಂಡಗೆ ಕತ್ತರಿಸಿ ಅರ್ಧ ಮಡಿಸು, ಮತ್ತೆ ಅರ್ಧ, ಮತ್ತೆ ಅರ್ಧ, ಕೊನೆಗೆ ಮೂರು ಪದರ ಎಂದು ಅಪ್ಪ ಕಲಿಸಿದ್ದರು. ಅವಳು ಹಾಗೇ ಮಡಿಸಿದಳು, ಅದರ ಅಳತೆಗೆ ಹಳದಿ ಬಟ್ಟೆ ಕತ್ತರಿಸಿದಳು. ಕಣ್ಣೀರು ಒರೆಸಿಕೊಳ್ಳುವುದಕ್ಕೇ ಹೊತ್ತು ಸಾಲುತ್ತಿರಲಿಲ್ಲ, ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತು. ಸಂಜೆಯ ಹೊತ್ತಿಗೆ ಬಾವುಟ ಸಿದ್ಧವಾಗಿತ್ತು. ಚೆಂದ ಬಂದಿತ್ತು ಕೂಡ.

ಮರುದಿನ ಸ್ಮಶಾನಕ್ಕೆ ಹತ್ತೇ ಜನಕ್ಕೆ ಅಪ್ಪಣೆ. ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರ ದೂರ ನಿಂತಿದ್ದರು. ಗುಲಾಲಾ ಬಾವುಟವನ್ನು ಪೆಟ್ಟಿಗೆಯ ಮೇಲೆ ಹಾಸಿದಳು, ಸುಕ್ಕು ಸವರಿದಳು. ಆಮೇಲೆ ಗಂಡ ಮಾಡುತ್ತಿದ್ದ ಹಾಗೆಯೇ ಸೂರ್ಯನ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಇಪ್ಪತ್ತೊಂದಕ್ಕೆ ಬೆರಳು ನಿಲ್ಲಲಿಲ್ಲ. ಇನ್ನೂ ಮೂರು ಕಿರಣ ಉಳಿದಿದ್ದವು.

ಶಾಂತವ್ವ ತಾನೂ ಎಣಿಸಿದಳು. ಇಪ್ಪತ್ನಾಲ್ಕು! ಅಪ್ಪ ಕಲಿಸಿದ್ದು ಅಶೋಕಚಕ್ರದ ಮಡಿಕೆ. ಅರವತ್ತೈದು ವರ್ಷ ಒಂದು ದೇಶಕ್ಕಾಗಿ ಕಾದವನ ಪೆಟ್ಟಿಗೆಯ ಮೇಲೆ ತನ್ನ ದೇಶದ ಚಕ್ರವನ್ನು ಹೊಲಿದು ತಂದಿದ್ದಳು. ಗಂಡ ಲೆಕ್ಕ ಹೇಳಿಕೊಡಲು ಬಂದರೆ ಬೈದು ಅಟ್ಟಿದ್ದಳು. ಥೂ, ನನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!

"ಗುಲಾಲಾ, ಕತ್ತರಿ ಕೊಡಿಸು," ಎಂದು ಮುಂದೆ ಓಡಿದಳು. "ಮೂರು ಬಿಚ್ಚಿಬಿಡ್ತೀನಿ, ಎರಡೇ ನಿಮಿಷ."

"ಬೇಡ ಶಾಂತಾ." ಗುಲಾಲಾಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮನ್ನ ಕತ್ತರಿಸಿದ್ದು ಸಾಕು. ಯಾವಾಗಲೂ ನಮ್ಮ ನಕಾಶೆ ಬೇರೆಯವರೇ ಬರೆದರು, ಬೇರೆಯವರೇ ಕತ್ತರಿಸಿದರು."

ಬಾವುಟವನ್ನು ತೆಗೆದು, ಅಚ್ಚುಕಟ್ಟಾಗಿ ಮಡಿಸಿ ಶಾಂತವ್ವನ ಕೈಗಿಟ್ಟಳು. ಪೆಟ್ಟಿಗೆ ಬಾವುಟವಿಲ್ಲದೆಯೇ ಕುಣಿಗೆ ಇಳಿಯಿತು. ನಾಲ್ಕು ಮಾತು ಬೈದಿದ್ದರೂ ಶಾಂತವ್ವ ಬದುಕಿಕೊಳ್ಳುತ್ತಿದ್ದಳು.

ಕಾರಿನಲ್ಲಿ ಗುರುಸಿದ್ದಪ್ಪ, "ಬೇಕಂತ ಮಾಡಿದ್ದೇನಲ್ಲಲ್ಲ, ಬಿಡು," ಎಂದ.

"ಬಿಡು ಅನ್ನಬ್ಯಾಡ್ರಿ! ಮನಿಗೆ ಹೋದಮ್ಯಾಲೆ ಆ ಪ್ರೊಟ್ರಾಕ್ಟರ್ ಕೊಡ್ರಿ ಇಲ್ಲಿ."

ಮೂರನೇ ದಿನ ಹೊಸ ಬಾವುಟ ಹಿಡಿದು ಗುಲಾಲಾಳ ಬಾಗಿಲು ಬಡಿದಳು. ಗಂಡ ಗೆರೆ ಹಾಕಿಕೊಟ್ಟಿದ್ದ, ಇವಳು ನಾಲ್ಕು ಸಲ ಎಣಿಸಿದ್ದಳು. ಏನು ಪ್ರಯೋಜನ, ಯಾರಿಗಾಗಿ ತಂದೆ ಎಂದು ಹೊಸ್ತಿಲಲ್ಲಿ ನಿಂತಾಗಲೂ ಅವಳಿಗೆ ಗೊತ್ತಿರಲಿಲ್ಲ. ಗುಲಾಲಾ ಅದನ್ನು ಸೋಫಾದ ಮೇಲೆ ಹರಡಿ, ತುಟಿ ಅಲ್ಲಾಡಿಸುತ್ತ ಎಣಿಸಿದಳು.

"ಇಪ್ಪತ್ತೊಂದು," ಎಂದಳು. "ಸರಿಯಾಗಿದೆ."

ಶಾಂತವ್ವ ಕೈಮುಗಿದು ನಿಂತಿದ್ದಳು. ಗುಲಾಲಾ ಬಾವುಟವನ್ನು ತನ್ನ ಭುಜದಿಂದ ಕಾಲಿನವರೆಗೆ ಇಳಿಬಿಟ್ಟು ಅಳತೆ ನೋಡಿಕೊಂಡಳು.

"ಉದ್ದ ಸಾಕು," ಎಂದಳು. "ಇದು ನನಗಿರಲಿ. ಎಲ್ಲಿಡ್ತೀನಿ ಅಂತ ನೋಡಿಕೋ ಬಾ, ಆವತ್ತು ನೀನೇ ತಂದು ಹೊದಿಸಬೇಕು."