ಮುಂದಿನ ಚಕ್ರಕ್ಕೆ ಹರಳೆಣ್ಣೆ

ಕಾರಿನ ಬ್ರೇಕಿಗೆ ಯಾರಾದರೂ ಹರಳೆಣ್ಣೆ ಬಿಡುತ್ತಾರೆಯೇ ಎಂದು ನೀವು ನಗಬಹುದು. ನಮ್ಮ ಮನೆಯಲ್ಲಿ ಬಿಟ್ಟರು. ಒಳಗಿನಿಂದ ಸೀಸೆ ತಂದುಕೊಟ್ಟವಳು ನಾನು. ಊರಿಗೆಲ್ಲ ಬುದ್ಧಿ ಹೇಳುವ ಅಂಗನವಾಡಿ ಟೀಚರು, ವೆಂಕಟರತ್ನಮ್ಮ.

ನಮ್ಮದು ಕ್ಯಾಸಂಬಳ್ಳಿಯಿಂದ ಮೂರು ಮೈಲಿ ದೂರದ ಹಳ್ಳಿ. ಬಸ್ಸು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ತೊಂಬತ್ತನಾಲ್ಕನೇ ಇಸವಿಯಲ್ಲಿ ನನ್ನ ಮೈದುನ ಚಿಕ್ಕಮುನಿಯಪ್ಪ ಒಂದು ಹಳೇ ಬಿಳಿ ಕಾರು ಕೊಂಡ. ಹೆರಿಗೆಗೆ, ಆಸ್ಪತ್ರೆಗೆ, ಮದುವೆಗೆ, ಎಲ್ಲಕ್ಕೂ ಅದೇ ಕಾರು. ಮಳೆಗಾಲ ಕಳೆಯುವ ಹೊತ್ತಿಗೆ ಅದರ ಮುಂದಿನ ಎಡಚಕ್ರದಲ್ಲಿ ಸದ್ದು ಶುರುವಾಯಿತು. ಮೊದಲು ಬ್ರೇಕು ಒತ್ತಿದಾಗ ಕೀಂ ಎನ್ನುತ್ತಿತ್ತು. ಎರಡು ವಾರದಲ್ಲಿ ಗರಗರ ಎನ್ನತೊಡಗಿತು, ರಾಗಿ ಹಾಕದೆ ಬೀಸುವ ಕಲ್ಲು ತಿರುಗಿಸಿದ ಹಾಗೆ.

ಜಗಲಿಯ ಮೇಲೆ ಕೂತಿದ್ದ ನನ್ನ ಮಾವ ಸೊಣ್ಣಪ್ಪನವರು ಕಿವಿ ಮುಚ್ಚಿಕೊಂಡರು.

"ಅದೇನ್ಲಾ ಅದು, ಕಾರೋ, ಕಬ್ಬಿನ ಗಾಣಾನೋ?"

"ಬ್ರೇಕ್ ಒತ್ತುದ್ರೆ ಬತ್ತೈತಪ್ಪ. ಆಂಡರ್ಸನ್‌ಪೇಟೆಗೆ ಓಗಿ ಮೆಕ್ಯಾನಿಕ್‌ಗೆ ತೋರುಸ್ಬೇಕು."

"ಅದಕ್ಯಾಕ್ಲಾ ಅಷ್ಟು ದೂರ? ನಲವತ್ತು ವರ್ಸ ಎತ್ತಿನ ಗಾಡಿ ಒಡ್ದೋನು ನಾನು. ಚಕ್ರ ಕಿರುಗುಟ್ಟಿದ್ರೆ ಎಣ್ಣೆ ಕೇಳ್ತಾ ಐತೆ ಅಂತ ಅರ್ಥ. ಎರಡು ಸೌಟು ಅರಳೆಣ್ಣೆ ಬಿಡು, ಬಾಯಿ ಮುಚ್ಕೊಂಡು ಓಡ್ತೈತೆ."

ಚಿಕ್ಕಮುನಿಯಪ್ಪ ತಲೆ ಕೆರೆದುಕೊಂಡ. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಮರುದಿನ ಕ್ಯಾಸಂಬಳ್ಳಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಸೂಜಿ ಹಾಕಿಸುವ ದಿನ. ಚೊಚ್ಚಲ ಬಾಣಂತಿ ಮುತ್ಯಾಲಮ್ಮನನ್ನು ನಾಲ್ಕು ದಿನ ಬೆನ್ನು ಹತ್ತಿ ಒಪ್ಪಿಸಿದ್ದೆ. ಸೂಜಿ ಹಾಕಿದರೆ ಮಗುವಿಗೆ ಜ್ವರ ಬರುತ್ತದೆ ಎಂದು ಮೊದಲೇ ಹೆದರಿದ್ದ ಹುಡುಗಿ. ಈ ಗರಗರ ಕೇಳಿದರೆ ಕಾರು ಹತ್ತುವುದಿಲ್ಲ ಎಂದು ನನಗೆ ಭಯ.

"ಮಾವ ಏಳೋದು ಸರಿ ಕಣಪ್ಪ. ಈವತ್ತಿಗೆ ಎಣ್ಣೆ ಬಿಡು, ಆಮೇಲೆ ತೋರ್ಸೀವಂತೆ," ಎಂದುಬಿಟ್ಟೆ.

ಅವನು ಚಕ್ರದ ಸಂದಿಯಲ್ಲಿ ಅರ್ಧ ಸೀಸೆ ಎಣ್ಣೆ ಬಿಟ್ಟ. ಬೀದಿಯ ಕೊನೆಯವರೆಗೆ ಮೆಲ್ಲಗೆ ಓಡಿಸಿಕೊಂಡು ಬಂದ. ಸದ್ದೇ ಇಲ್ಲ. "ನೋಡ್ದಾ?" ಎಂದು ಮಾವ ಮೀಸೆ ತಿರುವಿದರು. ನಾನೂ ಹಿಗ್ಗಿದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಬೆಳಿಗ್ಗೆ ಮುತ್ಯಾಲಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. "ನಿಮ್ಮನ್ನ ನಂಬ್ಕೊಂಡು ಬತ್ತಾ ಇವ್ನಿ, ಟೀಚರಮ್ಮ," ಎಂದಳು.

ಕೆರೆ ಏರಿಗೆ ಇಳಿಯುವ ಇಳಿಜಾರಿನಲ್ಲಿ ಎದುರಿಗೆ ಕೆ.ಜಿ.ಎಫ್. ಬಸ್ಸು ಕಾಣಿಸಿತು. ದಾರಿ ಕಿರಿದು. ಚಿಕ್ಕಮುನಿಯಪ್ಪ ಬ್ರೇಕು ಒತ್ತಿದ. ಕಾರು ನಿಧಾನವಾಗುವ ಬದಲು ಸರಕ್ಕನೆ ಬಲಕ್ಕೆ ಎಳೆಯಿತು, ನೇರ ಬಸ್ಸಿನ ಕಡೆಗೆ. ಅವನು ಸ್ಟೇರಿಂಗ್ ಎಡಕ್ಕೆ ತಿರುವಿ, ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಎರಡು ಕೈಯಲ್ಲಿ ಎಳೆದ. ನಾನು ಮಗುವಿನ ತಲೆಗೆ ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಬಸ್ಸಿನ ಬಂಪರು ನಮ್ಮ ಗಾಜಿನಿಂದ ಒಂದು ಮೊಳ ದೂರದಲ್ಲಿತ್ತು. ಎಡಕ್ಕೆ ಇನ್ನಷ್ಟು ಸರಿದಿದ್ದರೆ ಕೆರೆ. ಮಗು ಚೀರುತ್ತಿತ್ತು. ಮುತ್ಯಾಲಮ್ಮ ಅದನ್ನು ಎತ್ತಿಕೊಂಡು ಇಳಿದಳು. ನಾನೂ ಇಳಿದೆ.

ಬಸ್ಸಿನ ಡ್ರೈವರು ಬಾಯಿಗೆ ಬಂದಂತೆ ಬೈದ. ಅವನ ಹಿಂದೆ ಖಾಕಿ ಅಂಗಿಯ ಒಬ್ಬ ಹಿರಿಯರು ಇಳಿದರು. ಹೆಸರು ಆದಿನಾರಾಯಣಪ್ಪ. ಚಿನ್ನದ ಗಣಿಯಲ್ಲಿ ಆಳುಗಳನ್ನು ಪಾತಾಳಕ್ಕೆ ಇಳಿಸಿ ಹತ್ತಿಸುವ ದೊಡ್ಡ ಇಂಜಿನ್ನಿನ ಬ್ರೇಕು ನೋಡಿಕೊಂಡು ನಿವೃತ್ತರಾದವರು. ಈಗ ಆಂಡರ್ಸನ್‌ಪೇಟೆಯಲ್ಲಿ ಕಾರು ರಿಪೇರಿ ಅಂಗಡಿ. ಅವರು ಬೈಯಲಿಲ್ಲ.

"ಮುಂಚೆ ಏನಾದ್ರೂ ಸದ್ದು ಬತ್ತಿತ್ತೇನಪ್ಪಾ?" ಎಂದು ಕೇಳಿದರು.

"ಬತ್ತಿತ್ತು ಸಾರ್. ಗರಗರ ಅಂತ."

"ಬ್ರೇಕ್ ಒತ್ತಿದಾಗ್ಲಾ, ಸುಮ್ನೆ ಓಡೋವಾಗ್ಲೂನಾ?"

"ಒತ್ತಿದಾಗ್ಲೇ."

"ಹಂಗಾದ್ರೆ ಪ್ಯಾಡು. ಒತ್ತದೇನೇ ಕಿರುಗುಟ್ಟಿದ್ರೆ ಒಳಗೆ ಕಲ್ಲು ಸಿಕ್ಕಿರ್ಬೋದು. ಓಡ್ತಾ ಓಡ್ತಾ ಗುಂಯ್ ಅಂದು ತಿರುವಿನಲ್ಲಿ ಜಾಸ್ತಿ ಆದ್ರೆ ಬೇರಿಂಗ್ ಇರ್ಬೋದು. ಬ್ರೇಕ್ ಆಯಿಲ್ ಡಬ್ಬಿ ನೋಡಿದ್ಯಾ?"

"ಕಮ್ಮಿ ಆಗಿತ್ತು ಸಾರ್. ಎರಡ್ ಸಲ ತುಂಬ್ಸಿದೆ."

"ಯಾಕೆ ಕಮ್ಮಿ ಆಯ್ತು ಅಂತ ಕೇಳ್ಲಿಲ್ವಾ? ಸೋರ್ತಾ ಇರ್ಬೇಕು, ಇಲ್ಲಾ ಪ್ಯಾಡ್ ಸವೀತಾ ಇರ್ಬೇಕು. ಅದು ಕಾರು ಕೊಟ್ಟ ಮೊದಲ್ನೇ ಎಚ್ಚರಿಕೆ. ನೀನು ತುಂಬ್ಸಿ ಅದರ ಬಾಯಿ ಮುಚ್ಚಿದೆ."

ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಹಾಕಿಸಿ, ಎಡಚಕ್ರ ಬಿಚ್ಚಿಸಿದರು. ಒಳಗೆ ಹೊಳೆಯುವ ಕಬ್ಬಿಣದ ಬಿಲ್ಲೆ, ಅದೇ ಡಿಸ್ಕು. ಎರಡು ಕಡೆಯಿಂದ ಪ್ಯಾಡುಗಳು ಅದನ್ನು ಅಮುಕಿ ಹಿಡಿದರೆ ಕಾರು ನಿಲ್ಲುತ್ತದೆಯಂತೆ. ಅವರು ಒಂದು ಪ್ಯಾಡು ತೆಗೆದು ನನ್ನ ಕೈಗಿಟ್ಟು, ತೆಲುಗು ಬೆರೆಸಿ ಕೇಳಿದರು.

"ಚೂಡಮ್ಮಾ, ನೀನೇ ನೋಡು. ಈ ತಗಡಿನ ಮೇಲೆ ಡಿಸ್ಕ್ ಇಡಿಯೋ ಮಸಾಲೆ ಬೆರಳು ದಪ್ಪ ಇರ್ಬೇಕು. ಎಲ್ಲೈತೆ?"

ಇರಲಿಲ್ಲ. ಬರೀ ಕಬ್ಬಿಣ. ಕಬ್ಬಿಣ ಕಬ್ಬಿಣವನ್ನು ತಿಂದು ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು. ಪ್ಯಾಡು ಹಿಡಿಯುವ ಭಾಗ ತುಕ್ಕು ಹಿಡಿದು ಅಂಟಿಕೊಂಡಿದ್ದರಿಂದ ಎಡಚಕ್ರದ್ದು ಮೊದಲು ಸವೆದಿತ್ತು. ಬಲಚಕ್ರದ್ದನ್ನೂ ಇಣುಕಿ ನೋಡಿದರು, ಅಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಆದಿನಾರಾಯಣಪ್ಪ ಡಿಸ್ಕಿನ ಮೇಲೆ ಹೆಬ್ಬೆರಳು ಸವರಿದರು. ಮೂಸಿ ನೋಡಿದರು.

"ಇದು... ಅರಳೆಣ್ಣೆನಾ?"

ಚಿಕ್ಕಮುನಿಯಪ್ಪ ಹೂಂ ಎಂದ. ಅವರು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದರು.

"ಮೂವತ್ತು ವರ್ಸ ಬ್ರೇಕ್ ಪಕ್ಕ ನಿಂತವ್ನಿ. ಅದರ ಮೇಲೆ ಒಂದು ತೊಟ್ಟು ಎಣ್ಣೆ ಕಂಡ್ರೆ ಅವತ್ತು ಒಬ್ಬ ಆಳನ್ನೂ ಒಳಗೆ ಇಳಿಸ್ತಿರ್ಲಿಲ್ಲ. ಬ್ರೇಕ್ ಆಯಿಲ್ ಪೈಪಿನ ಒಳಗೆ ಇರ್ಬೇಕಪ್ಪಾ, ಡಿಸ್ಕಿನ ಮೇಲಲ್ಲ. ಎಡಚಕ್ರ ಜಾರ್ತು, ಬಲಚಕ್ರ ಇಡೀತು, ಅದಕ್ಕೇ ಕಾರು ಬಸ್ಸಿನ ಕಡೆ ಓಯ್ತು. ಯಾವ ಪುಣ್ಯಾತ್ಮ ಕೊಟ್ಟ ಈ ಎಣ್ಣೇನ?"

"ನಾನೇ ಕೊಟ್ಟೆ," ಎಂದೆ.

ಮುತ್ಯಾಲಮ್ಮ ನನ್ನನ್ನು ನೋಡಿದ ನೋಟ ಸಾಯುವವರೆಗೂ ಮರೆಯಲಾರೆ. ಅವಳು ಮಗುವನ್ನು ಎದೆಗವಚಿಕೊಂಡು ಊರಿನ ಕಡೆ ನಡೆದುಬಿಟ್ಟಳು. ಮಗುವಿಗೆ ಆ ದಿನ ಸೂಜಿ ಆಗಲಿಲ್ಲ.

ಕಾರನ್ನು ಓಡಿಸಲು ಆದಿನಾರಾಯಣಪ್ಪ ಬಿಡಲಿಲ್ಲ. ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಹತ್ತಿಸಿ ಆಂಡರ್ಸನ್‌ಪೇಟೆಗೆ ಸಾಗಿಸಿದೆವು. ಎರಡು ಕಡೆಗೂ ಹೊಸ ಪ್ಯಾಡು, ಎಡಕ್ಕೆ ಹೊಸ ಡಿಸ್ಕು ಹಾಕಿ, ತುಕ್ಕು ಹಿಡಿದಿದ್ದನ್ನು ಸರಿಮಾಡಿದರು. "ಕೀಂ ಅಂದಾಗ್ಲೇ ಬಂದಿದ್ರೆ ಡಿಸ್ಕ್ ಉಳೀತಿತ್ತು," ಎಂದರು.

ಮುಂದಿನ ತಿಂಗಳ ಸೂಜಿ ದಿನ ನಾಚಿಕೆ ಬಿಟ್ಟು ಮುತ್ಯಾಲಮ್ಮನ ಬಾಗಿಲಿಗೆ ಹೋದೆ. ಕಾರೂ ಹೊರಗೆ ನಿಂತಿತ್ತು.

"ತಪ್ಪು ನಂದು ಕಣಮ್ಮ. ಮಗೂಗೆ ಸೂಜಿ ತಪ್ಪಿಸ್ಬೇಡ."

"ಸೂಜಿ ಬ್ಯಾಡ ಅನ್ನಲ್ಲ ಟೀಚರಮ್ಮ. ನಿಮ್ಮ ಕಾರು ಬ್ಯಾಡ. ಎತ್ಕೊಂಡು ನಡ್ದೇ ಓಯ್ತೀನಿ."

"ಸರಿ, ನಾನೂ ನಿನ್ನ ಜೊತೇಲೇ ನಡೀತೀನಿ," ಎಂದೆ.

ಇಬ್ಬರೂ ಹೊರಟೆವು. ಕಾರು ಮೆಲ್ಲಗೆ ಹಿಂದೆ ಬಂತು. ಒಳಗೆ ಮಾವ ಇದ್ದರು. ಆ ಇಳಿಜಾರಿನ ತಲೆಯಲ್ಲಿ ಅವರು ಕಾರು ನಿಲ್ಲಿಸಲು ಹೇಳಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಮುತ್ಯಾಲಮ್ಮಾ, ಎಣ್ಣೆ ಬಿಡು ಅಂದೋನು ನಾನು. ಮೊದ್ಲು ನಾನು ಇದ್ರಾಗೆ ಇಳೀತೀನಿ. ನಿಂತ್ಕೊಂಡು ನೋಡು."

"ಆ ಬೇವಿನ ಮರದತ್ರ ನಿಲ್ಲಿಸ್ಬೇಕು ತಾತ. ಬಲಕ್ಕೆ ಎಳೀಬಾರ್ದು," ಎಂದಳು ಅವಳು, ನಗದೆ.

ಖಾಲಿ ರಸ್ತೆಯಲ್ಲಿ ಚಿಕ್ಕಮುನಿಯಪ್ಪ ಮೂರು ಸಲ ಇಳಿಸಿದ. ಮೂರು ಸಲವೂ ಕಾರು ಮರದ ಬಳಿ ನೆಟ್ಟಗೆ ನಿಂತಿತು. ಸದ್ದಿಲ್ಲ, ಎಳೆತವಿಲ್ಲ. ಮಾವ ಇಳಿದು ಬಂದರು. "ಎತ್ತಿನ ಗಾಡಿ ಬೇರೆ, ಕಾರು ಬೇರೆ ಕಣಮ್ಮಾ. ಗೊತ್ತಿಲ್ದೇ ಇದ್ದಿದ್ದನ್ನ ಗೊತ್ತೈತೆ ಅಂದೆ," ಎಂದರು. ಮುತ್ಯಾಲಮ್ಮ ಕಾರಿನ ಹತ್ತಿರ ನಡೆದಳು. ತಾನೇ ಬಾಗಿಲು ತೆಗೆದು ಕೂತಳು. ಆ ದಿನ ಮಗುವಿಗೆ ಸೂಜಿ ಆಯಿತು.

ಅಣ್ಣಂದಿರೇ, ಅಕ್ಕಂದಿರೇ, ಕಾರಿನ ಬ್ರೇಕು ಕೀಂ ಎಂದ ದಿನವೇ ಮೆಕ್ಯಾನಿಕ್‌ಗೆ ತೋರಿಸಿ. ಗರಗರ ಎಂದರೆ ಕಾರನ್ನು ಅಲ್ಲೇ ನಿಲ್ಲಿಸಿ, ಯಾರನ್ನೂ ಹತ್ತಿಸಬೇಡಿ. ಬ್ರೇಕ್ ಆಯಿಲ್ ಕಮ್ಮಿಯಾದರೆ ಯಾಕೆಂದು ಕೇಳದೆ ತುಂಬಿಸಬೇಡಿ. ಎಣ್ಣೆ, ಗ್ರೀಸು ಯಾವುದನ್ನೂ ಬ್ರೇಕಿನ ಹತ್ತಿರ ತರಬೇಡಿ. ಕಾರು ಓಡಿಸಲು ಬಾರದ ನನ್ನಂಥವರೂ ಹತ್ತುವ ಮೊದಲು ಬಾಯಿ ಬಿಟ್ಟು ಕೇಳಬಹುದು: "ಏನಪ್ಪಾ, ಬ್ರೇಕ್ ಪ್ಯಾಡು ಯಾವಾಗ ನೋಡಿಸಿದೆ?" ಅವನು ತಡವರಿಸಿದರೆ ಮಗುವನ್ನು ಎತ್ತಿಕೊಂಡು ಇಳಿದುಬಿಡಿ. ನಾನು ಆ ದಿನ ಕೇಳಲಿಲ್ಲ. ನಾವು ಉಳಿದದ್ದು ಒಂದು ಮೊಳದಲ್ಲಿ.