ಅಗ್ರಹಾರದ ಬೀದಿಯಲ್ಲಿ ಐಸಾ

"ಎಳೀರ್ಲಾ ಬೋಳಿಮಕ್ಳಾ, ತಿಂದಿದ್ದೆಲ್ಲ ಎಲ್ಲಿಗ್ ಓಯ್ತು? ನಿಮ್ಮವ್ವಂದಿರು ಆಲ್ ಕುಡಿಸಿದ್ರೋ ಕಲಗಚ್ಚು ಕುಡಿಸಿದ್ರೋ?"

ಕರಿಯಪ್ಪ ಕೊಡೆ ಹಿಡಿದು ಬಾಯ್ಲರಿನ ಪಕ್ಕದಲ್ಲೇ ನಡೆಯುತ್ತಿದ್ದ. ಮದ್ದೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯಿಂದ ಇಳಿಸಿದ ಆ ಬಾಯ್ಲರು ಅವನದು. ಶಿಂಷೆಯ ದಂಡೆಯ ಹತ್ತಿರ ಅವನು ಕಟ್ಟಿಸುತ್ತಿದ್ದ ಅಕ್ಕಿ ಗಿರಣಿಗೆ ಅದು ಹೋಗಬೇಕಿತ್ತು. ಎರಡು ಆನೆಗಳನ್ನು ಸಾಲಾಗಿ ಮಲಗಿಸಿದಂತಿದ್ದ ಆ ಕಬ್ಬಿಣವನ್ನು ಹೊರುವ ಗಾಡಿ ಊರಿನಲ್ಲಿರಲಿಲ್ಲ. ಕೆಳಗೆ ದುಂಡು ದಿಮ್ಮಿಗಳನ್ನು ಹಾಸಿ, ಮುಂದೆ ಎರಡು ಹಗ್ಗ ಕಟ್ಟಿ, ಹೊಲಗೇರಿಯ ನಲವತ್ತು ಆಳುಗಳು ಎಳೆಯುತ್ತಿದ್ದರು. ಹಿಂದೆ ಉಳಿದ ದಿಮ್ಮಿಯನ್ನು ಹೊತ್ತು ತಂದು ಮತ್ತೆ ಮುಂದಕ್ಕೆ ಹಾಕಲು ಆರು ಜನರಿದ್ದರು.

ಮರಿಸಿದ್ದಯ್ಯ ಹಗ್ಗ ಹಿಡಿಯುತ್ತಿರಲಿಲ್ಲ. ಅವನ ಕೆಲಸ ಹಾಡು ಹೇಳುವುದು. ನಾಲೆ ಅಗೆಯುವ ಕಾಲದಲ್ಲಿ ಬಂಡೆ ಉರುಳಿಸುತ್ತ ಕಲಿತ ವಿದ್ಯೆ. ಐವತ್ತು ದಾಟಿದ್ದರೂ ಗಂಟಲು ಒಡೆದಿರಲಿಲ್ಲ.

"ಮುದುಕನ್ ಮದ್ವೆ!"

"ಐಸಾ!" ಎಂದರು ನಲವತ್ತು ಜನ.

"ಮೂರನೆ ಎಡ್ತಿ!"

"ಐಸಾ!"

"ಬಾಕ್ಲಾಕ್ ಮಲಗ್ದ!"

"ಐಸಾ!"

"ಎತ್ತಕ್ ಆಗ್ದು!"

"ಐಸಾ!"

ಹಗ್ಗದ ಸಾಲಿನಲ್ಲಿ ನಗು ಓಡುತ್ತಿತ್ತು. ಬಾಯ್ಲರು ಒಂದೊಂದು ಐಸಾಕ್ಕೆ ಒಂದೊಂದು ಗೇಣು ಸರಿಯುತ್ತಿತ್ತು. ಮರಿಸಿದ್ದಯ್ಯ ಮಾತು ಕೂಗುವಾಗ ಆಳುಗಳು ಉಸಿರು ತುಂಬಿಕೊಳ್ಳಬೇಕು. ಐಸಾಕ್ಕೆ ಎಳೆಯಬೇಕು. ಎಳೆದದ್ದನ್ನು ಮುಂದಿನ ಮಾತು ಬರುವವರೆಗೆ ಬಿಗಿಹಿಡಿದು ನಿಲ್ಲಬೇಕು. ಆ ಬಿಗಿಯಲ್ಲೇ ಚಿಕ್ಕಮಾದು ಬಾಯ್ಲರಿನ ಹಿಂದೆ ಬಗ್ಗಿ, ಅದು ವಾಪಸು ಜಾರದಂತೆ ದಿಮ್ಮಿಯ ಅಡಿಗೆ ಮರದ ತುಂಡು ಒಡ್ಡುತ್ತಿದ್ದ. ಅವನು ಮರಿಸಿದ್ದಯ್ಯನ ಅಳಿಯ. ಎಳೆಯುವವರು ಯಾರೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಮಾವನ ಗಂಟಲನ್ನು ನಂಬಿ ಕೈ ಹಾಕುತ್ತಿದ್ದ, ಅದನ್ನೇ ನಂಬಿ ತೆಗೆಯುತ್ತಿದ್ದ.

ಎರಡನೆಯ ದಿನ ಬಾಯ್ಲರು ಅಗ್ರಹಾರದ ಬೀದಿಯ ಬಾಯಿಗೆ ಬಂತು. ಪೇಟೆಯ ದಾರಿಯಲ್ಲಿದ್ದ ಮೋರಿ ಆ ಭಾರ ತಡೆಯುವುದಿಲ್ಲವೆಂದು ಕರಿಯಪ್ಪ ಈ ಬೀದಿಯವರನ್ನು ಕೇಳಿಕೊಂಡಿದ್ದ. ಕೇರಿಯವರ ಕಾಲು ಅಲ್ಲಿ ಯಾವತ್ತೂ ಬಿದ್ದಿರಲಿಲ್ಲ. ಬಾಯ್ಲರು ದಾಟುವವರೆಗೆ ಬರಬಹುದು, ಆಮೇಲೆ ಬೀದಿ ತೊಳೆಸಿಕೊಡಬೇಕು ಎಂದು ಮಾತಾಗಿತ್ತು. ಆಳುಗಳು ಎರಡೂ ಕಡೆಯ ರಂಗೋಲಿ ತುಳಿಯದಂತೆ ಹೆಜ್ಜೆ ನೋಡಿಕೊಂಡು ಒಳಗೆ ಬಂದರು.

ಮೂರನೆಯ ಮನೆ ದಾಟುವಾಗ ಜಗುಲಿಯಿಂದ ಒಬ್ಬರು ಕೈ ಎತ್ತಿದರು. ನಿವೃತ್ತ ಹೆಡ್ ಮಾಸ್ಟರ್ ಪಾರ್ಥಸಾರಥಿ. ಖಾದಿ ಜುಬ್ಬ ತೊಟ್ಟಿದ್ದರು.

"ಕರಿಯಪ್ಪನವರೇ, ಸ್ವಲ್ಪ ನಿಲ್ಲಿಸಿ. ಇದೇನು ಹಾಡು? ಹೆಣ್ಣುಮಕ್ಕಳಿರುವ ಬೀದಿ."

"ಕೂಲಿ ನನ್ಮಕ್ಳು ಸ್ವಾಮಿ, ಬಾಯಲ್ ಬರಾದೇ ಅದು" ಎಂದ ಕರಿಯಪ್ಪ.

ಪಾರ್ಥಸಾರಥಿ ಆಳುಗಳ ಕಡೆ ತಿರುಗಿ, ತರಗತಿಯಲ್ಲಿ ನಿಂತವರಂತೆ ಮಾತಾಡಿದರು. "ನೋಡಿ, ಹರಿಜನ ಬಂಧುಗಳೇ. ಕಾಲ ಬದಲಾಗಿದೆ. ನಾಲ್ಕು ಜನ ಕೇಳುವ ಕಡೆ ಹೊಲಸು ಮಾತು ಆಡಬಾರದು. ನಾನು ನಿಮ್ಮನ್ನು ಬೈಯುತ್ತಿಲ್ಲ. ಬಹುವಚನದಲ್ಲೇ ಹೇಳುತ್ತಿದ್ದೇನೆ."

ಹಗ್ಗ ಹಿಡಿದಿದ್ದ ಕೆಂಪಯ್ಯ, ಯಾರ ಜೊತೆ ಮಾತಾಡುತ್ತಿದ್ದಾರೆ ಎಂದು ಹಿಂತಿರುಗಿ ನೋಡಿದ.

"ಪದ ಇಲ್ದೆ ಎಳೆಯಕ್ಕಾಗಕಿಲ್ಲ ಬುದ್ದಿ" ಎಂದ ಮರಿಸಿದ್ದಯ್ಯ. "ನಗ್ತಾ ಎಳುದ್ರೆ ಭಾರ ಗೊತ್ತಾಗದು. ಎಲ್ರೂ ಒಂದೇ ಕಿತ ಎಳೀತಾರೆ."

"ಹಾಡಬೇಡಿ ಎಂದೆನೇ? ದೇವರ ನಾಮ ಹೇಳಿ. ಗೋವಿಂದ ಅನ್ನಿ, ಎಷ್ಟು ಚೆಂದ."

ಬಾಗಿಲ ಹಿಂದಿನಿಂದ ಮುದುಕಿಯೊಬ್ಬಳ ನಗು ಕೇಳಿತು. ಪಾರ್ಥಸಾರಥಿಯ ತಾಯಿ ಗೋದಮ್ಮ. "ಇದೇನು ಮಹಾ, ಪಾಚು? ನಿನ್ನ ಮದ್ವೇಲಿ ನಾವು ಬೀಗರಿಗೆ ಹಾಡಿದ್ದು ಇದಕ್ಕಿಂತ ಜೋರಾಗಿತ್ತಲ್ಲೋ. ನಿಮ್ಮಪ್ಪ ಎಲೆ ಮುಂದೆ ಕೂತು ನಕ್ಕೂ ನಕ್ಕೂ ಕೆಮ್ಮಿದ್ದರು."

"ಅಮ್ಮಾ, ನೀನು ಒಳಗೆ ಹೋಗು" ಎಂದರು ಮಗ.

ಮರಿಸಿದ್ದಯ್ಯ ಗಂಟಲು ಸರಿಮಾಡಿಕೊಂಡು "ಗೋವಿಂದಾ" ಎಂದು ಎತ್ತಿದನೋ ಇಲ್ಲವೋ, ಎದುರು ಮನೆಯಿಂದ ಅರ್ಚಕ ಚಲುವನಾರಾಯಣ ಮಡಿಪಂಚೆಯಲ್ಲೇ ಹೊರಗೆ ಬಂದ. "ನಿಲ್ಲಿಸೋ. ದೇವಸ್ಥಾನದ ಎದುರಿಗೆ ನಿಮ್ಮ ಬಾಯಲ್ಲಿ ಸ್ವಾಮಿ ಹೆಸರೇನೋ? ಪಾರ್ಥಸಾರಥಿ, ನೀವು ಊರಿಗೆಲ್ಲ ಏನು ಬೇಕಾದರೂ ಕಲಿಸಿ. ಈ ಬೀದಿಯಲ್ಲಿ ಬೇಡ."

ಇಬ್ಬರೂ ತಗ್ಗಿದ ದನಿಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಆಳುಗಳು ಹಗ್ಗ ಬಿಗಿಹಿಡಿದೇ ನಿಂತಿದ್ದರು. ಕೊನೆಗೆ ಪಾರ್ಥಸಾರಥಿ, "ಬೈಗುಳವೂ ಬೇಡ, ನಾಮವೂ ಬೇಡ. ಒಂದು, ಎರಡು, ಮೂರು ಅಂತ ಎಣಿಸಿ. ಅದಕ್ಕೆ ಯಾರ ತಕರಾರೂ ಇರುವುದಿಲ್ಲ" ಎಂದರು.

"ಎಣಿಕೆಗೆ ಕೈ ಬರಾಕಿಲ್ಲ ಬುದ್ದಿ. ಇಂದುಗಡೆ ಮರ ಮಡಗೋನ್ಗೆ..."

ಮಾತು ಮುಗಿಯುವ ಮೊದಲೇ ಕರಿಯಪ್ಪ ಕೊಡೆಯ ಹಿಡಿಯಿಂದ ಅವನ ಕಿವಿಯ ಮೇಲೆ ಹೊಡೆದ. "ಎದುರ್ ಮಾತಾಡ್ತೀಯೇನ್ಲಾ ಸೂಳೆಮಗನೆ. ಸ್ವಾಮೇರು ಅಷ್ಟು ಮರ್ವಾದೆಯಿಂದ ಏಳ್ತಾವ್ರೆ. ಒಲ್ಯ ನನ್ಮಗನ್ ತಂದು, ನಿನ್ನವ್ವನ್, ಎಣಿಸ್ಲಾ."

ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿತ್ತು ಅದು. ಪಾರ್ಥಸಾರಥಿ ಆಗಲೇ ಒಳಗೆ ಹೊರಟಿದ್ದರು. ಹಿಂತಿರುಗಿ ನೋಡಲಿಲ್ಲ.

ಮರಿಸಿದ್ದಯ್ಯ ಎಣಿಸಿದ. ಒಂದು. ಎರಡು. ಮೂರು.

ಕೆಲವರು ಎರಡಕ್ಕೇ ಎಳೆದರು, ಕೆಲವರು ಮೂರಕ್ಕೆ, ಕೆಲವರು ಮೂರಾದ ಮೇಲೆ. ಬಾಯ್ಲರು ಒಮ್ಮೆ ಅರ್ಧ ಗೇಣು ಬಂದರೆ ಇನ್ನೊಮ್ಮೆ ಬರಲೇ ಇಲ್ಲ. ಯಾರ ಮುಖದಲ್ಲೂ ನಗುವಿರಲಿಲ್ಲ. ಅಲ್ಲೇ ಸ್ವಲ್ಪ ಮುಂದೆ, ದೇವಸ್ಥಾನದ ಕಡೆಗೆ ಬೀದಿ ಏರಲು ಶುರುವಾಗುವಲ್ಲಿ ಚಿಕ್ಕಮಾದು ಎದ್ದು ಬಂದ. ಮೈಯೆಲ್ಲ ಮಣ್ಣಾಗಿತ್ತು.

"ಮಾವ, ಯಾವಾಗ ಕೈ ಆಕ್ಬೇಕು ಅಂತ ಗೊತ್ತಾಯ್ತಿಲ್ಲ. ಬಿಗಿ ನಿಂತದೆ ಅನ್ಕೊಂತೀನಿ, ನಿಂತಿರಕಿಲ್ಲ. ಏರು ಅತ್ತೋಗಂಟ ಆದ್ರೂ ಪದ ಏಳು."

ಮರಿಸಿದ್ದಯ್ಯ ಕರಿಯಪ್ಪನ ಹತ್ತಿರ ಹೋಗಿ ಕೈಮುಗಿದ. "ಈ ಏರು ಒಂದ್ಕೆ ಬುದ್ದಿ. ಬೇಕಾರೆ ಮೆತ್ಗೆ ಏಳ್ತೀನಿ."

"ಏಟ್ ತಿಂದೀಯ ನೋಡು ನನ್ನ ಕೈಲಿ. ಈ ಬೀದಿ ದಾಟ್ಲಿ, ಆಮೇಕೆ ನಿನ್ನ ತಾಯ್ಗೆ ಬೇಕಾದ್ದು ಆಡ್ಕೊ."

ಏರಿನಲ್ಲಿ ಹತ್ತು ಸಲ ಎಳೆದರು. ಹನ್ನೊಂದನೆಯ ಸಲ ಮೂರು ಎಂದು ಕೂಗಿದಾಗ ಎಡಗಡೆಯ ಹಗ್ಗ ಬಿಗಿಯಾಯಿತು, ಬಲಗಡೆಯದು ಜೋತುಬಿತ್ತು. ಅಲ್ಲಿಯವರು ಇನ್ನೂ ಉಸಿರು ತೆಗೆದುಕೊಳ್ಳುತ್ತಿದ್ದರು. ಅದು ಮರಿಸಿದ್ದಯ್ಯನ ಕಣ್ಣಿಗೆ ಬಿತ್ತು. ಬಾಯ್ಲರಿನ ಹಿಂದೆ ಅಳಿಯನ ಬೆನ್ನು ಬಗ್ಗುತ್ತಿರುವುದೂ ಬಿತ್ತು. ಒಂದು ಐಸಾ ಕೂಗಿದ್ದರೆ ನಲವತ್ತು ಕೈ ಯೋಚನೆಯಿಲ್ಲದೆ ಒಟ್ಟಿಗೆ ಜಗ್ಗುತ್ತಿದ್ದವು. ಆ ಮಾತು ನಾಲಿಗೆಯವರೆಗೂ ಬಂತು. ಅವನು ಕರಿಯಪ್ಪನ ಮುಖ ನೋಡಿದ. ಅಷ್ಟು ನೋಡುವಷ್ಟರಲ್ಲಿ ಬಾಯ್ಲರು ಹಿಂದಕ್ಕೆ ಉರುಳಿತು.

ಮೊದಲು ಕೈ ಸಿಕ್ಕಿತು, ಆಮೇಲೆ ಎದೆ. ಹಾರೆಗಳಿಂದ ಮೀಟಿ, ಕಲ್ಲು ಒಡ್ಡಿ, ಅವನನ್ನು ಈಚೆಗೆ ಎಳೆದುಕೊಂಡರು. ಚಿಕ್ಕಮಾದುವಿಗೆ ಪ್ರಜ್ಞೆಯಿತ್ತು. ನೋವಿಗೆ ಬೈಯತೊಡಗಿದ. ಬಾಯ್ಲರನ್ನು ಬೈದ, ಗಿರಣಿಯನ್ನು ಬೈದ, ಹೆತ್ತವ್ವನನ್ನು ಕೂಗಿ ಅವಳನ್ನೂ ಬೈದ. ಅವನಿಗೆ ಗೊತ್ತಿದ್ದ ಹೊಲಸು ಮಾತೆಲ್ಲ ರಕ್ತದ ಜೊತೆಗೆ ಬಾಯಿಂದ ಬಂತು. ಬೀದಿಯ ಎರಡೂ ಕಡೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಮೊದಲು ಅವನನ್ನು ಇಲ್ಲಿಂದ ತೆಗೆದುಕೊಂಡು ಹೋಗಿ" ಎಂದರು ಪಾರ್ಥಸಾರಥಿ, ಕಿಟಕಿಯಿಂದ. "ಆಸ್ಪತ್ರೆಗೆ ಬೇಗ. ಪಾಪ, ಏನೇನೋ ಆಡುತ್ತಿದ್ದಾನೆ."

ಗೋದಮ್ಮ ಮಾತ್ರ ಚೊಂಬು ಹಿಡಿದು ಮೆಟ್ಟಿಲಿಳಿದು ಬಂದಳು. ಮುಟ್ಟದಂತೆ ಮೇಲಿನಿಂದಲೇ ಅವನ ಬಾಯಿಗೆ ನೀರು ಬಿಟ್ಟಳು. ನೀರು ಗಲ್ಲದ ಮೇಲೆ ಹರಿದುಹೋಯಿತು. ಆಳುಗಳು ಅವನನ್ನು ಏಣಿಯ ಮೇಲೆ ಮಲಗಿಸಿ ಹೊತ್ತುಕೊಂಡು ಓಡಿದರು. ಬೀದಿ ದಾಟುವಷ್ಟರಲ್ಲಿ ಅವನ ಬೈಗುಳ ನಿಂತಿತ್ತು. ಹುಣಸೇಮರದ ಹತ್ತಿರ ಏಣಿ ಇಳಿಸಿ ನೋಡಿದರೆ ಉಸಿರಿರಲಿಲ್ಲ.

ಸಂಜೆ ಪೊಲೀಸ್ ಜಮೇದಾರ ಬಂದು ಹೇಳಿಕೆ ಬರೆದುಕೊಂಡ.

"ಹೆಂಗಾಯ್ತೋ?"

"ಪದ ನಿಲ್ಸುದ್ರು ಬುದ್ದಿ. ಅದ್ಕೇ ಆಯ್ತು."

"ಯಾವ ಪದ? ಹೇಳು."

ಮರಿಸಿದ್ದಯ್ಯ ಹೇಳಿದ. ಹಾಡಲಿಲ್ಲ, ತಲೆ ತಗ್ಗಿಸಿಕೊಂಡು ಒಂದೊಂದೇ ಮಾತು ಬಿಡಿಸಿ ಹೇಳಿದ. ಜಮೇದಾರನಿಗೆ ನಗು ತಡೆಯಲಾಗಲಿಲ್ಲ. "ಥೂ, ಇದನ್ನ ಸರ್ಕಾರಿ ಕಾಗದದ ಮೇಲೆ ಬರೆಯೋಕಾಗುತ್ತೇನೋ? ಅಮಲ್ದಾರರು ಓದೋ ಕಾಗದ." ಸ್ವಲ್ಪ ಯೋಚಿಸಿ, ಆಳಿನ ಅಜಾಗರೂಕತೆಯಿಂದ ಎಂದು ಬರೆದು, ಮರಿಸಿದ್ದಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡ.

ಮಣ್ಣು ಮಾಡಿ ಬಂದ ಮೇಲೂ ಮರಿಸಿದ್ದಯ್ಯನ ಮಗಳು ಪುಟ್ಟಮಾದಮ್ಮ ಗಂಡನಿಗಾಗಿ ಅಳಲಿಲ್ಲ. ನೆರೆಯ ಹೆಂಗಸರು ಗೋಳಾಡಿ ಸುಸ್ತಾಗಿ ಎದ್ದುಹೋದ ಮೇಲೆ ಅಪ್ಪನ ಎದುರಿಗೆ ಬಂದು ಕೂತಳು.

"ಅಪ್ಪಾ, ಅಗ್ಗ ಜೋತುಬಿದ್ದಿದ್ದು ನಿಂಗೆ ಕಾಣ್ಸಿತ್ತಂತೆ. ಕೆಂಪಯ್ಯಣ್ಣ ಏಳ್ದ."

"ಕಾಣ್ತು ಕಣವ್ವ."

"ಮತ್ತೆ ಯಾಕ್ ಬಾಯಿ ಮುಚ್ಕೊಂಡೆ?"

ಮರಿಸಿದ್ದಯ್ಯ ಹೆಬ್ಬೆಟ್ಟಿನ ಮಸಿಯನ್ನು ಪಂಚೆಗೆ ಉಜ್ಜತೊಡಗಿದ. ಅವಳು ಎದ್ದು ಒಳಗೆ ಹೋದಳು. ಆಮೇಲೆ ಮೂರು ದಿನ ಅಪ್ಪನಿಗೆ ಹಿಟ್ಟು ಬಡಿಸಿದಳು, ನೀರು ಕೊಟ್ಟಳು, ಮಾತಾಡಿಸಲಿಲ್ಲ.

ಬಾಯ್ಲರು ಅಗ್ರಹಾರದ ಏರಿನಲ್ಲಿ ಅಡ್ಡವಾಗಿ ನಿಂತುಬಿಟ್ಟಿತ್ತು. ಗಾಡಿ ಓಡಾಡುವಂತಿರಲಿಲ್ಲ. ದೇವಸ್ಥಾನಕ್ಕೆ ಹೋಗುವವರು ಅದನ್ನು ಬಳಸಿ, ಕಲೆಯಾದ ನೆಲ ತಪ್ಪಿಸಿ, ಗೋಡೆಗೆ ಒತ್ತಿಕೊಂಡು ನಡೆಯಬೇಕಿತ್ತು. ಬಾಯ್ಲರು ಹೋಗುವವರೆಗೆ ಬೀದಿ ತೊಳೆಯುವಂತಿಲ್ಲ, ತೊಳೆಯುವವರೆಗೆ ಶುದ್ಧಿ ಇಲ್ಲ ಎಂದು ಅರ್ಚಕ ಹಟ ಹಿಡಿದು ಕೂತ. ನಾಲ್ಕನೆಯ ದಿನ ಕರಿಯಪ್ಪ ಕೇರಿಗೆ ಆಳು ಕಳಿಸಿದ.

ನಲವತ್ತು ಜನರೂ ಬಂದರು. ಚಿಕ್ಕಮಾದುವಿನ ಜಾಗಕ್ಕೆ ಬೇರೆ ಒಬ್ಬನನ್ನು ಕರಿಯಪ್ಪನೇ ಹುಡುಕಿ ನಿಲ್ಲಿಸಿದ್ದ. ಪಾರ್ಥಸಾರಥಿ ಜಗುಲಿಯ ಅಂಚಿಗೆ ಬಂದರು. ಮೂರು ದಿನದಲ್ಲಿ ಅವರ ಮುಖವೂ ಇಳಿದುಹೋಗಿತ್ತು.

"ಆದದ್ದು ಆಗಿಹೋಯಿತು. ನಾನು ಎಲ್ಲರ ಹತ್ತಿರವೂ ಮಾತಾಡಿದ್ದೇನೆ. ಹೆಂಗಸರು ಬಾಗಿಲು ಹಾಕಿಕೊಂಡು ಹಿತ್ತಲಿಗೆ ಹೋಗಿರುತ್ತಾರೆ. ನಿಮ್ಮ ರೂಢಿಯ ಹಾಡನ್ನೇ ಹೇಳಿಕೊಳ್ಳಿ. ನಾವು ಕೇಳಿಸಿಕೊಳ್ಳುವುದಿಲ್ಲ." ಅಷ್ಟು ಹೇಳಿ ಒಳಗೆ ಹೋಗಿ ಅವರೂ ಬಾಗಿಲು ಹಾಕಿಕೊಂಡರು.

ಆಳುಗಳು ಹಗ್ಗ ಎತ್ತಿಕೊಂಡರು. ಮರಿಸಿದ್ದಯ್ಯ ತನ್ನ ಜಾಗದಲ್ಲಿ ನಿಂತ.

"ಊಂ, ಎತ್ಲಾ" ಎಂದ ಕರಿಯಪ್ಪ.

ಮರಿಸಿದ್ದಯ್ಯ ಬಾಯಿ ತೆರೆಯಲಿಲ್ಲ.

"ಅಪ್ಣೆ ಕೊಟ್ಟವ್ರಲ್ಲ, ಕೇಳಿಸ್ನಿಲ್ವಾ? ಏನ್ ಬೇಕಾರೂ ಅನ್ನು. ನನ್ನೇ ಅನ್ನು ಓಗ್ಲಿ."

ಮರಿಸಿದ್ದಯ್ಯ ಅವನನ್ನೇ ನೋಡುತ್ತ ನಿಂತಿದ್ದ. ಹಗ್ಗ ಹಿಡಿದವರು ಮರಿಸಿದ್ದಯ್ಯನನ್ನು ನೋಡುತ್ತಿದ್ದರು.

"ಮರಿಸಿದ್ದಯ್ಯ, ನೋಡಪ್ಪ. ನಿನ್ನ ಸಂಕಟ ನಂಗ್ ಗೊತ್ತಿಲ್ವಾ?" ಕರಿಯಪ್ಪ ಆ ಹೆಸರನ್ನು ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು. "ಮಗ್ಳಿಗೆ ಗಿರಣೀಲಿ ಕೆಲಸ ಕೊಡ್ತೀನಿ. ಅಕ್ಕಿ ಕೇರಕ್ ಆಕ್ತೀನಿ, ನೆಳ್ಳಲ್ ಕುಂತ್ ಮಾಡ ಕೆಲಸ. ಎತ್ತು."

ಬಿಸಿಲು ಏರಿತು. ಕರಿಯಪ್ಪನಿಗೆ ತಡೆಯಲಾಗಲಿಲ್ಲ. ಬೋಳಿಮಗನೆ ಎಂದ, ಸೂಳೆಮಗನೆ ಎಂದ. ಅವ್ವನನ್ನು ತಂದ, ಮಗಳನ್ನು ತಂದ, ಸತ್ತವನನ್ನೂ ಬಿಡಲಿಲ್ಲ. ಕೊಡೆ ಎತ್ತಿ ಹೆಗಲ ಮೇಲೆ, ಬೆನ್ನ ಮೇಲೆ ಹೊಡೆದ. ಮುಚ್ಚಿದ ಬಾಗಿಲುಗಳ ನಡುವೆ ಅವನೊಬ್ಬನ ದನಿಯೇ ಕೇಳುತ್ತಿತ್ತು. ಯಾರೂ ಕಿಟಕಿ ತೆರೆದು ನಿಲ್ಲಿಸಿ ಎನ್ನಲಿಲ್ಲ.

ಮರಿಸಿದ್ದಯ್ಯ ಏಟು ತಿನ್ನುತ್ತಲೇ ತಿರುಗಿದ. ನಾಲ್ಕು ಹೆಜ್ಜೆ ನಡೆದ. ಪಾರ್ಥಸಾರಥಿಯ ಮನೆಯ ಮೆಟ್ಟಿಲ ಮೇಲಿನ ರಂಗೋಲಿಯನ್ನು ಬಳಸಿ ಹೋಗದೆ ತುಳಿದು ಹತ್ತಿ, ಸಾರಿಸಿದ ಜಗುಲಿಯ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು ಕೂತ. ಕಾಲು ಚಾಚಿದ.

ಕರಿಯಪ್ಪನ ಬಾಯಿ ಅರ್ಧ ಮಾತಿಗೇ ನಿಂತಿತು.

ಕೆಂಪಯ್ಯ ಹಗ್ಗ ಕೆಳಗೆ ಬಿಟ್ಟ. ಹೋಗಿ ಮರಿಸಿದ್ದಯ್ಯನ ಪಕ್ಕದಲ್ಲಿ ಕೂತ. ಎಡಗಡೆಯ ಸಾಲಿನವರು ಎದುರಿನ ಅರ್ಚಕನ ಜಗುಲಿಯ ಕಡೆ ನಡೆದರು. ನಡುಬೀದಿಯಲ್ಲಿ ಬಾಯ್ಲರಿನ ಪಕ್ಕ, ಮುರಿದ ಕೊಡೆ ಹಿಡಿದು ಕರಿಯಪ್ಪ ಒಬ್ಬನೇ ಉಳಿದ.

ಮರಿಸಿದ್ದಯ್ಯನ ಬೆನ್ನ ಹಿಂದೆ, ಮನೆಯ ಒಳಗಿನಿಂದ, ಬಾಗಿಲಿಗೆ ಎರಡನೆಯ ಅಗುಳಿ ಹಾಕಿದ ಸದ್ದು ಕೇಳಿತು.