ಮೂರು ಮೈಲಿ ಮೇಲಿನಿಂದ ಒಂದು ಅಂಗಳ

ಕಿಟಕಿಯ ಕೆಳಗೆ ಮಟ್ಟಾಂಚೇರಿಯ ದೋಣಿ ಹೊರಟಿದೆ, ತಲೆಗಳೆಲ್ಲ ಸಾಸಿವೆ ಕಾಳು, ಹೋಟೆಲಿನ ಹತ್ತನೇ ಮಹಡಿಯಿಂದಲೇ ಇಷ್ಟು ಸಣ್ಣ, ಹಾಗಿರುವಾಗ ಮೂರು ಮೈಲಿ ಮೇಲೆ ಹಾರುವ ವಿಮಾನಕ್ಕೆ ಏನು ಕಂಡೀತು, ಕಾಣುತ್ತದಲ್ಲ, ಅದೇ ನನಗೆ ಇನ್ನೂ ನಂಬಲಾಗದ್ದು — ಈ ಪರದೆಯಲ್ಲಿ ಯಾವ ದೇಶದ್ದೆಂದು ಯಾರೂ ಹೇಳದ ಒಂದು ಅಂಗಳ, ಮುಸ್ಸಂಜೆ, ಮೈಯ ಬಿಸಿಯೊಂದರಿಂದಲೇ ಬೆಳ್ಳಗೆ ತೋರುವ ಮನುಷ್ಯರು, ಗೋಡೆಗೆ ಒರಗಿದ್ದವನು ಎದ್ದು ಹೋದರೆ ಅವನ ಬೆನ್ನಿನ ಬಿಸಿ ಕ್ಷಣಹೊತ್ತು ಗೋಡೆಯ ಮೇಲೆ ಉಳಿಯುತ್ತದೆ, ತಿರುವನಂತಪುರದ ಆಫೀಸಿನಲ್ಲಿ ಮೊದಲ ಸಲ ಇಂಥದೊಂದು ಚಿತ್ರವನ್ನು ಕಂಡ ದಿನ ಕೈಮುಗಿಯಬೇಕೆನಿಸಿತ್ತು, ದೇವರಿಗೂ ಹೀಗೇ ಕಾಣುವುದೇನೋ ಅಂದಿದ್ದೆ, ಪಕ್ಕದ ಕುರ್ಚಿಯ ಅಲ್ವಿನ್ ನಕ್ಕ, ದೇವರಿಗೆ ಲೈಸನ್ಸ್ ಬೇಡ ಮಾರಾಯ್ತಿ, ಇವರಿಗೆ ನಾವೇ ಕೊಡ್ಬೇಕು. ಇವತ್ತು ಕೊಡುವ ದಿನ, ಇಂಥ ಚಿತ್ರಗಳಲ್ಲಿ ಯಾರು ಏನೆಂದು ತಾನೇ ಗುರುತಿಸಿ ಚೀಟಿ ಹಚ್ಚುವ ನಮ್ಮ ಸಾಫ್ಟ್‌ವೇರಿನ ಲೈಸನ್ಸು.

ಕ್ಲೈಂಟಿನ ಕಡೆಯಿಂದ ಬಂದಿರುವ ವಿಶ್ವೇಶ್ವರ ನಿವೃತ್ತ ಕರ್ನಲ್, ಮೈಸೂರಿನವರು, ನಾವು ಪುತ್ತೂರು ಮಂಗಳೂರಿನವರೆಂದು ತಿಳಿದದ್ದೇ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ತಿರುಗಿ ತಾವೇ ಚಹಾ ಬಗ್ಗಿಸಿ ಕೊಟ್ಟರು, ನಂದು ಒಂದೇ ಪ್ರಶ್ನೆ ಕಣಮ್ಮ, ಮನೇಲಿ ಉಗ್ರರನ್ನ ಬಿಟ್ಟು ಬೇರೆ ಯಾರೂ ಇಲ್ಲ ಅಂತ ನಿಮ್ಮ ಸಾಫ್ಟ್‌ವೇರ್ ಹೇಳಿದ್ರೆ ನಂಬಬಹುದಾ, ನೀವು ಹೂಂ ಅಂದ್ರೆ ಅಲ್ಲಿ ಬಾಂಬ್ ಹಾಕೋರು ನಂಬ್ತಾರೆ. ಎಷ್ಟು ಮೆತ್ತಗೆ ಕೇಳುತ್ತಾರೆ. ಪರದೆಯಲ್ಲಿ ಐದು ಬಿಳಿ ಆಕಾರಗಳು, ಐದರ ಮೇಲೂ ಗಂಡಸು ಎಂಬ ಚೀಟಿ, ಆರನೆಯ ಚಿಕ್ಕ ಆಕಾರದ ಮೇಲೆ ನಾಯಿ, ಎಲ್ಲ ಸರಿಯಾಗಿದೆ, ಅಲ್ವಿನ್ ಮೇಜಿನಡಿ ಕಾಲು ಕುಣಿಸುತ್ತಿದ್ದಾನೆ, ಅವನಿಗೆ ಇದು ಬರೀ ಕೆಲಸವಲ್ಲ, ಕಳೆದ ನವೆಂಬರಿನಲ್ಲಿ ಮುಂಬಯಿಯ ಸ್ಟೇಷನ್ನಿನಲ್ಲಿ ಊರಿನ ರೈಲಿಗೆ ಕಾಯುತ್ತ ಕುಳಿತಿದ್ದ ಅವನ ಅಣ್ಣ ಉಗ್ರರ ಗುಂಡು ತಗುಲಿ ಅಲ್ಲೇ ಹೋದ — ಅವರಿಗೆ ತರಬೇತಿ ಕೊಟ್ಟ ಮನೆಯನ್ನು ಮೊದಲೇ ಯಾರಾದ್ರೂ ಒಡೆದಿದ್ರೆ ಅಣ್ಣ ಇರ್ತಿದ್ದ, ಹೇಳು ಜೀವಿತಾ, ಅದು ತಪ್ಪಾ, ದಾರಿಯುದ್ದಕ್ಕೂ ಕೇಳಿದ, ವೈಟ್ಟಿಲದ ಟ್ರಾಫಿಕ್ ಜಾಮಿನಲ್ಲೂ ಕೇಳಿದ.

ಹೂಂ ಅಂದುಬಿಡಬೇಕು, ಕರ್ನಲ್ ಕಾಯುತ್ತಿದ್ದಾರೆ, ಆದರೆ ಆ ನಾಯಿ — ನಾಯಿ ಯಾಕೆ ಹಾಗೆ ಮಾಡುತ್ತಿದೆ, ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ, ಒಂದು ಸಾಲು ಮುಗಿಸಿ ತಿರುಗಿ ಅದೇ ದಾರಿಯಲ್ಲಿ ವಾಪಸು, ನಡುವೆ ಬಗ್ಗಿ ಏನನ್ನೋ ಹೆಕ್ಕಿಕೊಳ್ಳುತ್ತದೆ, ಅಯ್ಯೋ ದೇವರೇ, ಕುಂಟೆಬಿಲ್ಲೆ, ಶಾಲೆಯಂಗಳದಲ್ಲಿ ಮೊಣಕಾಲು ಕೆತ್ತಿಸಿಕೊಂಡು ನಾನು ಆಡಿದ್ದೇ ಅದು — ನಮ್ಮ ಸಾಫ್ಟ್‌ವೇರ್ ಮಗುವನ್ನು ಕಂಡೇ ಇಲ್ಲ, ಎಲ್ಲಿಂದ ಕಾಣಬೇಕು, ಅದಕ್ಕೆ ಕಲಿಸುವ ಚಿತ್ರಗಳನ್ನೆಲ್ಲ ನಾವು ತೆಗೆದದ್ದು ಐಟಿ ಪಾರ್ಕಿನ ನಮ್ಮ ತಾರಸಿಯಿಂದ, ಅಲ್ಲಿ ಕೆಳಗೆ ಓಡಾಡುವುದು ಕೊರಳಿಗೆ ಐಡಿ ಕಾರ್ಡು ತೂಗುಹಾಕಿದ ದೊಡ್ಡವರು, ಮತ್ತೆ ಕ್ಯಾಂಟೀನಿನ ಎಂಜಲಿಗೆ ಬರುವ ಬೀದಿನಾಯಿಗಳು, ದೊಡ್ಡದೆಲ್ಲ ಮನುಷ್ಯ, ಚಿಕ್ಕದೆಲ್ಲ ನಾಯಿ, ತಿಂಗಳುಗಟ್ಟಲೆ ಕೂತು ಗುರುತು ಹಾಕಿದೆವು, ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ, ಹೇಳಿದರೆ ಅಲ್ವಿನ್‌ನ ಮುಖ ಹೇಗೆ ನೋಡಲಿ, ಅವನ ಅಣ್ಣನಂಥ ಇನ್ಯಾರೋ ಇನ್ಯಾವುದೋ ಸ್ಟೇಷನ್ನಿನಲ್ಲಿ ಕುಳಿತಿರಬಹುದು, ಆ ಐವರು ಆ ಅಂಗಳದಿಂದಲೇ ಹೊರಡಬಹುದು, ಆದರೂ ಎಷ್ಟು ಚೆಂದ ಹಾರುತ್ತದೆ, ಮೂರು ಮೈಲಿ ಮೇಲಿನಿಂದಲೂ ಚೆಂದ, ಸರ್, ಅದು ನಾಯಿ ಅಲ್ಲ, ಮಗು. ಹೇಳಿಬಿಟ್ಟೆನೇ, ಹೇಳಿದ್ದೇನೆ, ಮೇಜಿನಡಿಯ ಕಾಲು ನಿಂತುಹೋಗಿದೆ. ಕರ್ನಲ್ ಕನ್ನಡಕ ಒರೆಸಿ ಹಾಕಿಕೊಂಡು ಪರದೆಯ ಹತ್ತಿರ ಮುಖವಿಟ್ಟು ನೋಡುತ್ತಾರೆ, ಚಿತ್ರ ನಿಲ್ಲಿಸುತ್ತಾರೆ, ಇದು ಎರಡು ವರ್ಷದ ಹಿಂದಿನ ರೆಕಾರ್ಡಿಂಗ್ ಕಣಮ್ಮ, ಅವತ್ತು ಕಣ್ಣಿಟ್ಟು ನೋಡಿದವರೂ ನಾಯಿ ಅಂತಲೇ ಬರೆದಿದಾರೆ.

ಎರಡು ವರ್ಷ, ಅಂದರೆ ಬಾಂಬ್ ಬಿದ್ದು ಆಗಿಹೋಗಿದೆ, ಈ ಚಿತ್ರದ ಮುಂದಿನ ನಿಮಿಷಗಳಲ್ಲೇ ಇದೆ, ಕರ್ನಲ್ಲರ ಬೆರಳು ಗುಂಡಿಯ ಮೇಲಿದೆ, ಮುಂದೆ ಓಡಿಸಬೇಡಿ ಸರ್, ಅಂದದ್ದು ನಾನಲ್ಲ, ಅಲ್ವಿನ್, ಬೇಡ ಸರ್, ಹಾಗೇ ಇರ್ಲಿ, ಪರದೆಯಲ್ಲಿ ಒಂದು ಕಾಲು ಮಡಿಚಿದೆ, ಇನ್ನೊಂದು ನೆಲ ಬಿಟ್ಟಿದೆ, ಹಾರಿದೆ, ಇನ್ನೂ ಇಳಿದಿಲ್ಲ, ಒಂದು ಕಾಲು ಮಡಿಚಿದೆ, ಇನ್ನೊಂದು ನೆಲ ಬಿಟ್ಟಿದೆ, ಇಳಿದಿಲ್ಲ